ಉಮ್ ಸಾಲಿಮರ ಜಾಗಕ್ಕೆ ನಾವು ಹಾಕಿದ ಬೇಲಿ

ನಿಶಾಂತ್, ದಿಯಾ, ಇದನ್ನು ನಿಮ್ಮ ಮುಂದೆ ಕೂತು ಬಾಯಿಯಲ್ಲಿ ಹೇಳಲು ನನ್ನಿಂದ ಆಗುವುದಿಲ್ಲ. ನಾಲ್ಕು ಜನ ಇದ್ದಲ್ಲಿ ನನ್ನ ಮಾತು ಗಂಟಲಲ್ಲೇ ಉಳಿಯುತ್ತದೆ ಎಂದು ನಿಮಗೆ ಗೊತ್ತು. ಊರಿನ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಕಲಿತ ಅಕ್ಷರ ಇನ್ನೂ ಕೈಯಲ್ಲಿದೆ. ಹಾಗಾಗಿ ಬರೆದಿಡುತ್ತಿದ್ದೇನೆ. ನಿಮಗೆ ಕನ್ನಡ ಓದಲು ತಡವಾದರೆ ಅಮ್ಮನಿಂದ ಓದಿಸಿಕೊಳ್ಳಿ. ಅವಳಿಗೂ ಇದರಲ್ಲಿ ಅರ್ಧ ಗೊತ್ತಿಲ್ಲ.

ಹೋದ ಶುಕ್ರವಾರ ನಿಮ್ಮ ಅಪ್ಪ ಹಸಿ ಮೀನು ಬೇಕೆಂದು ಅಲ್ ಅಜೈಬಾದ ಈ ಮನೆಯಿಂದ ಕಡಲ ಬದಿಯ ಸುವೈಕ್‌ವರೆಗೆ ಕಾರು ಓಡಿಸಿದರಲ್ಲ, ದಾರಿಯುದ್ದಕ್ಕೂ ನಿಶಾಂತ್ ತನ್ನ ಪ್ರಾಜೆಕ್ಟಿನ ದೊಡ್ಡ ಹಾಳೆಯನ್ನು ತೊಡೆಯ ಮೇಲೆ ಬಿಡಿಸಿಕೊಂಡಿದ್ದ. ಟೀಚರ್ ಚೀಟಿ ಎತ್ತಿಸಿದಾಗ ಅವನಿಗೆ ಬಂದದ್ದು ಟೆಕ್ಸಾಸ್. ಹಾಳೆಯಲ್ಲಿ ಮೂರು ಚೌಕ.

"ವೆರಿ ಸಿಂಪಲ್ ಅಜ್ಜಿ. ಫಸ್ಟ್ ಸೆಟಲ್‌ಮೆಂಟ್. ದೆನ್ ಇಂಡಿಪೆಂಡೆನ್ಸ್. ದೆನ್ ಸ್ಟೇಟ್‌ಹುಡ್."

"ಆ ಜಾಗ ಮೊದಲು ಯಾರದ್ದು ಮಗಾ?"

"ಮೆಕ್ಸಿಕೋದು. ಜನ ಇರಲಿಲ್ಲ ಅಂತ ಅವರೇ ಹೊರಗಿನವರನ್ನು ಕರೆದದ್ದು. ಕಂಡಿಷನ್ ಹಾಕಿ."

"ಮತ್ತೆ?"

"ಬಂದವರು ಕಂಡಿಷನ್ ಕೇಳ್ಲಿಲ್ಲ. ಫೈಟ್ ಮಾಡಿ ಫ್ರೀ ಆದ್ರು. ಒಂಬತ್ತು ವರ್ಷ ಅವರದ್ದೇ ದೇಶ. ಆಮೇಲೆ ಅಮೆರಿಕಕ್ಕೆ ಸೇರಿದ್ರು."

"ಕರೆದವರಿಗೆ ಏನಾಯ್ತು?"

"ಅದು ಪ್ರಾಜೆಕ್ಟಲ್ಲಿ ಇಲ್ಲ ಅಜ್ಜಿ."

ದಿಯಾ ಫೋನಿನಲ್ಲಿ ಹುಡುಕಿ ಒಂದು ಸಾಲು ಓದಿದಳು. ಅಲ್ಲಿಯೇ ಹುಟ್ಟಿ ಬೆಳೆದ ಕೆಲವರು ಹೊಸಬರ ಜೊತೆಗೆ ನಿಂತು ಹೋರಾಡಿದ್ದರಂತೆ. ಗೆದ್ದ ಮೇಲೆ ಅಂಥವರಲ್ಲಿ ಎಷ್ಟೋ ಮಂದಿ ತಮ್ಮದೇ ಊರು ಬಿಟ್ಟು ಹೋಗಬೇಕಾಯಿತಂತೆ. "ಸೋ ಸ್ಯಾಡ್" ಎಂದು ಅವಳು ಬೇರೇನೋ ನೋಡತೊಡಗಿದಳು. ಅಷ್ಟರಲ್ಲಿ ಸುವೈಕ್ ಮಾರುಕಟ್ಟೆ ಬಂತು. ಕಾರಿನ ಬಾಗಿಲು ತೆಗೆದದ್ದೇ ತಡ, ಗೋಣಿಯಲ್ಲಿ ತುಂಬಿಟ್ಟ ಒಣ ಲಿಂಬೆಯ ವಾಸನೆ ಮೂಗಿಗೆ ಹೊಡೆಯಿತು. ನಾನು ಇಳಿಯಲೇ ಇಲ್ಲ. "ಅಜ್ಜಿಗೆ ತಲೆನೋವು" ಎಂದು ನೀವು ನಿಮ್ಮಷ್ಟಕ್ಕೆ ತಿಳಿದುಕೊಂಡಿರಿ.

ಇದು ನೀವು ಹುಟ್ಟುವ ಮೊದಲು, ನಾನೂ ಅಜ್ಜನೂ ಈ ಗಲ್ಫಿನಲ್ಲಿ ಇದ್ದಾಗಿನ ಮಾತು. ನಿಮ್ಮ ಅಮ್ಮ ಆಗ ಊರಿನ ಹಾಸ್ಟೆಲಿನಲ್ಲಿದ್ದು ಪಿಯುಸಿ ಓದುತ್ತಿದ್ದಳು. ನಿಮ್ಮ ಅಜ್ಜ ಸುವೈಕ್‌ನ ಒಂದು ಗ್ಯಾರೇಜಿನಲ್ಲಿ ಫೋರ್‌ಮನ್. ಪಂಪು, ಮೋಟಾರು ಬಿಚ್ಚುವುದರಲ್ಲಿ ಅವರದು ಒಳ್ಳೆಯ ಕೈ. ಗ್ಯಾರೇಜಿನ ಹಿಂದೆ ಸಾಲಾಗಿ ಏಳು ಮನೆ. ಒಂದರಲ್ಲಿ ನಾವು. ಪಕ್ಕದ್ದರಲ್ಲಿ ಮೈಮೂನಾ. ಉಳ್ಳಾಲದ ಕಡೆಯ ಬ್ಯಾರಿ ಮುಸ್ಲಿಮರು. ಅವಳ ಗಂಡನದ್ದು ರಸ್ತೆ ಬದಿಯಲ್ಲಿ ದಿನಸಿ ಅಂಗಡಿ. ನಮ್ಮ ಎರಡು ಅಡುಗೆಕೋಣೆಗಳ ನಡುವೆ ಒಂದು ಬಾಗಿಲಿತ್ತು. ಅದನ್ನು ನಾವು ಯಾವತ್ತೂ ಹಾಕಿದವರಲ್ಲ. ಆ ಕಡೆಯ ತುದಿಮನೆಯಲ್ಲಿ ಸುಂದರ, ನಿಮ್ಮ ಅಜ್ಜನ ಚಿಕ್ಕಪ್ಪನ ಮಗ, ಒಂದು ಕಚೇರಿಯಲ್ಲಿ ಗುಮಾಸ್ತ. ಅರಬ್ಬೀ ಚೆನ್ನಾಗಿ ಮಾತಾಡುತ್ತಿದ್ದ. ಮಾತು ಯಾವ ಭಾಷೆಯದಾದರೂ ಅವನಿಗೆ ಚೆನ್ನಾಗಿಯೇ ಬರುತ್ತಿತ್ತು.

ಮನೆಗಳ ಹಿಂದೆ ಬಿಸಿಲಿಗೆ ಬಿರಿದ ಒಂದು ಪಾಳು ಜಾಗ, ಅದರ ತುದಿಯಲ್ಲಿ ಒಂದು ಬಾವಿ. ಅದರಾಚೆ ಖರ್ಜೂರದ ಮರಗಳು, ಹನ್ನೊಂದು ಲಿಂಬೆ ಗಿಡ, ಹಳೆಯ ಮಣ್ಣಿನ ಮನೆ. ಆ ಮನೆಯಲ್ಲಿ ಉಮ್ ಸಾಲಿಂ ಒಬ್ಬರೇ, ಜಾಗವೆಲ್ಲ ಅವರದ್ದೇ. ಉಮ್ ಸಾಲಿಂ ಎಂದರೆ ಸಾಲಿಮನ ತಾಯಿ. ಸಾಲಿಂ ಐದು ವರ್ಷದವನಿದ್ದಾಗಲೇ ತೀರಿಕೊಂಡಿದ್ದ. ಹೆಸರು ಮಾತ್ರ ತಾಯಿಯ ಜೊತೆ ಉಳಿದಿತ್ತು. ಅವರವನೆಂದು ಇದ್ದದ್ದು ಬೇರೆ ಕಡೆ ವಾಸವಿದ್ದ ಒಬ್ಬ ತಮ್ಮನ ಮಗ. ಅವರ ಮೇಕೆಗಳು ನಮ್ಮ ಹಿಂಬಾಗಿಲಿಗೆ ಬರುತ್ತಿದ್ದವು. ನಾನು ತರಕಾರಿ ಸಿಪ್ಪೆ ಹಾಕುತ್ತಿದ್ದೆ. ಹಾಗೆ ಪರಿಚಯ. ನನಗೆ ಬರುತ್ತಿದ್ದದ್ದು ಮೂವತ್ತು ನಲ್ವತ್ತು ಅರಬ್ಬೀ ಶಬ್ದ. ಅವರಿಗೆ ನನ್ನ ಭಾಷೆ ಒಂದು ಅಕ್ಷರವೂ ಬಾರದು. ಆದರೂ ನನ್ನ ಬದುಕಿನಲ್ಲಿ ನಾನು ನಾಚಿಕೆ ಇಲ್ಲದೆ ಮಾತಾಡಿದ್ದು ಅವರ ಹತ್ತಿರವೇ ಹೆಚ್ಚು.

ಆ ವರ್ಷ ಸೆಖೆ ಇಳಿಯುವ ಹೊತ್ತಿಗೆ ನಾನು ಊರಿನಿಂದ ಬಸಳೆಯ ಹಂಬನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಿದ್ದೆ. ಡಬ್ಬದಲ್ಲಿ ನೆಟ್ಟದ್ದನ್ನು ಕಂಡು ಉಮ್ ಸಾಲಿಂ ನಕ್ಕರು. ಕೈ ಹಿಡಿದು ಆ ಪಾಳು ಜಾಗಕ್ಕೆ ಕರೆದುಕೊಂಡು ಹೋಗಿ, ಇಲ್ಲಿ ನೆಡು ಎಂದು ತೋರಿಸಿದರು. ನೀನು ಮಾತ್ರವಲ್ಲ, ನಿನ್ನವರೂ ಬರಲಿ ಎಂದರು. ಬಾಡಿಗೆ ಬೇಡ. ಕಾಗದವೂ ಬೇಡ. ಎರಡೇ ಮಾತು. ಬೇಲಿ ಹಾಕಬಾರದು, ಬಾವಿಗೆ ಹೋಗುವ ದಾರಿ ಅದು, ಮೇಕೆಗಳು ಹಾಯುತ್ತವೆ. ಮತ್ತೆ, ನೀರು ಅವರು ಹೇಳಿದಷ್ಟೇ ಎತ್ತಬೇಕು.

ಆ ನೀರಿನ ಕ್ರಮ ಹೀಗಿತ್ತು. ಸಮುದ್ರ ಹತ್ತಿರ ಇರುವ ಬಾವಿ. ಹೆಚ್ಚು ಎತ್ತಿದರೆ ತಳದಿಂದ ಉಪ್ಪು ಮೇಲೆ ಬರುತ್ತದೆ. ಬೆಳಿಗ್ಗೆ ಪಂಪು ಹಾಕುವ ಮೊದಲು ಉಮ್ ಸಾಲಿಂ ಒಂದು ಬೊಗಸೆ ನೀರನ್ನು ಬಾಯಿಗೆ ಹಾಕಿ, ಕಣ್ಣು ಮುಚ್ಚಿ, ನಾಲಿಗೆಯ ಮೇಲೆ ಆಡಿಸಿ ಉಗುಳುತ್ತಿದ್ದರು. ಸಿಹಿ ಇದ್ದರೆ ತಲೆಯಾಡಿಸುವರು. ಉಪ್ಪು ಹತ್ತಿದರೆ "ಖಲಾಸ್" ಎಂದು ಆ ದಿನ ಪಂಪು ಬಂದ್. ನನಗೂ ಕಲಿಸಿದರು. ಒಂದು ತಿಂಗಳಲ್ಲಿ ನನ್ನ ನಾಲಿಗೆಗೂ ಗೊತ್ತಾಗತೊಡಗಿತು.

ಐದು ಮನೆಯವರು ಸೇರಿಕೊಂಡರು. ಮೈಮೂನಾಳಿಗೆ ಮಣ್ಣಿನ ಕೆಲಸ ಆಗದು. "ಅಕ್ಕಾ, ನೀವು ಬೆಳೀರಿ, ನಾನು ತಿಂತೇನೆ. ಯಾರಾದ್ರೂ ತಿನ್ಲಿಕ್ಕೂ ಬೇಕಲ್ಲ" ಎನ್ನುತ್ತಿದ್ದಳು. ಗಂಡಸರು ಶುಕ್ರವಾರ ಅಗೆದರು, ನಾವು ಹೆಂಗಸರು ದಿನಾ ನೀರು ಹೊಯ್ದೆವು. ಹರಿವೆ, ಬೆಂಡೆ, ಅಲಸಂಡೆ, ಮುಳ್ಳುಸೌತೆ. ನನ್ನ ಬಸಳೆಗೆ ನಿಮ್ಮ ಅಜ್ಜ ಹಳೆಯ ಪೈಪಿನ ಚಪ್ಪರ ಹಾಕಿಕೊಟ್ಟರು.

ಮೂರು ವಾರಕ್ಕೆ ದೀಪಾವಳಿ. ಊರಿನಲ್ಲಿ ಗದ್ದೆಗೆ ದೀಪ ಇಟ್ಟು ಬಲೀಂದ್ರನನ್ನು ಕರೆಯುತ್ತೇವಲ್ಲ, ಹಾಗೆಯೇ ಸಂಜೆ ಖರ್ಜೂರದ ದಂಟೊಂದನ್ನು ನೆಟ್ಟು, ದೀಪ ಹಚ್ಚಿ, ಎಲ್ಲರೂ ಸೇರಿ "ಕೂ" ಹಾಕಿದೆವು. ಬಾವಿಗೆ ಯಾರೋ ಬಿದ್ದರೆಂದು ಉಮ್ ಸಾಲಿಂ ಓಡಿ ಬಂದರು. ನಾನು ಸಿಕ್ಕಿದ ಶಬ್ದಗಳಲ್ಲಿ ಹೇಳಿದೆ: ಇವನು ಭೂಮಿಯ ಹಳೆಯ ಒಡೆಯ. ಮೂರು ಹೆಜ್ಜೆ ಜಾಗ ಕೇಳಿದವನಿಗೆ ಕೊಟ್ಟ. ಎಲ್ಲವೂ ಹೋಯಿತು. ವರ್ಷಕ್ಕೊಮ್ಮೆ ನೋಡಲು ಬರುತ್ತಾನೆ.

"ಬಂದಾಗ ಊಟ ಯಾರು ಕೊಡ್ತಾರೆ?" ಎಂದು ಕೇಳಿದರು.

"ನಾವು."

ಅವನ ಜಾಗದಲ್ಲಿ ಅವನೇ ನೆಂಟನಾ ಎಂದು ಅವರು ನಕ್ಕು, ಅಲ್ಲೇ ಚಾಪೆಯ ಮೇಲೆ ಕೂತು ನಮ್ಮ ಬೆಲ್ಲದ ಅವಲಕ್ಕಿ ತಿಂದರು. ಸುಂದರನೂ ನಕ್ಕ.

ಚಳಿ ಬಂತು. ಬಸಳೆ ಚಪ್ಪರ ತುಂಬಿತು. ಸುಂದರ ಶುಕ್ರವಾರದ ವ್ಯಾನಿನಲ್ಲಿ ಸೊಪ್ಪಿನ ಕಟ್ಟುಗಳನ್ನು ಬೌಷರ್‌ನ ನಮ್ಮೂರವರ ಮನೆಗಳಿಗೆ ಕಳಿಸತೊಡಗಿದ. ಅಲ್ಲಿಂದ ಇನ್ನೂ ಬೇಕು, ಇನ್ನೂ ಬೇಕು ಎಂದು ಫೋನು. ನೀರು ಸಾಲದೆಂದು ಮಾತು ಶುರುವಾಯಿತು. "ಮುದುಕಿ ಬಾಯಿ ಮುಕ್ಕಳಿಸಿ ಹೇಳಿದಷ್ಟೇ ನೀರಾ? ಇದೆಂತ ಕಾನೂನು ಮಾರಾಯ್ರೆ?" ಎಂದ ಸುಂದರ.

ಅವನು ಎಲ್ಲರ ಮುಂದೆ ಡಿಕ್ಲರೇಶನ್ನಿನ ಕತೆ ತೆಗೆದ. ನಿಮಗೆ ಗೊತ್ತಿರಲಿಕ್ಕಿಲ್ಲ. ನಾನು ಹದಿಮೂರರವಳಿದ್ದಾಗ ನಮ್ಮೂರಿನಲ್ಲಿ ಗೇಣಿಗೆ ಉಳುತ್ತಿದ್ದವರೆಲ್ಲ ಅರ್ಜಿ ಕೊಟ್ಟು ತಾವು ಉತ್ತ ಗದ್ದೆಗೆ ತಾವೇ ಒಡೆಯರಾದರು. ನನ್ನ ಅಪ್ಪನಿಗೂ ಹಾಗೆಯೇ ಭೂಮಿ ಬಂತು. ಆ ದಿನ ಅಪ್ಪ ಗದ್ದೆಯ ಅಂಚಿನಲ್ಲಿ ಕೂತು ಅತ್ತದ್ದು ನಾನು ಕಂಡಿದ್ದೇನೆ. "ಅತ್ತಿಗೆ, ನಿಮ್ಮ ಅಪ್ಪನ ಹೆಸರು ಮೊದಲು ಯಾವ ಕಾಗದದಲ್ಲಿತ್ತು ಹೇಳಿ? ದುಡಿದವನಿಗೆ ಭೂಮಿ. ಇಲ್ಲಿಯೂ ಒಂದು ಗೇಣಿಚೀಟಿ ಅಂತ ನಮ್ಮ ಕೈಯಲ್ಲಿದ್ರೆ ಯಾರೂ ಏಳಿಸ್ಲಿಕ್ಕಿಲ್ಲ" ಎಂದ. ಎಲ್ಲರೂ ಹೌದು ಹೌದೆಂದರು. ನಮ್ಮ ತಲೆಯಲ್ಲಿ ಭೂಮಿಯೆಂದರೆ ಅದೇ ಕತೆ. ಅಲ್ಲಿ ನಾವು ಮೂರು ತಲೆಮಾರು ದುಡಿದಿದ್ದೆವು, ಇಲ್ಲಿ ಮೂರು ತಿಂಗಳು ಎಂದು ನನಗೆ ತೋಚಿತ್ತು. ಹೇಳಲಿಲ್ಲ. ಈ ದೇಶದಲ್ಲಿ ನಾವು ವೀಸಾದ ಮೇಲೆ ಇರುವವರು ಎಂಬುದೂ ಯಾರ ಬಾಯಲ್ಲಿಯೂ ಬರಲಿಲ್ಲ.

ಒಂದು ಬೆಳಿಗ್ಗೆ ಸುಂದರ ಟೈಪು ಮಾಡಿದ ಒಂದು ಅರಬ್ಬೀ ಕಾಗದ ಹಿಡಿದುಕೊಂಡು ನನ್ನ ಅಡುಗೆಕೋಣೆಗೆ ಬಂದ. ನಿಮ್ಮ ಅಜ್ಜ ಕೆಲಸಕ್ಕೆ ಹೋಗಿದ್ದರು.

"ಅತ್ತಿಗೆ, ಪಂಪಿಗೆ ಬೇರೆ ಕರೆಂಟ್ ಲೈನ್ ತೆಗೀಬೇಕು. ಜಾಗದವರ ಹೆಬ್ಬೆಟ್ಟು ಬೇಕಂತೆ. ನಾನು ಹೋದ್ರೆ ಮುದುಕಿ ಬಾಗಿಲೇ ತೆಗೆಯೂದಿಲ್ಲ. ನೀವು ಹೇಳಿದ್ರೆ ಕೇಳ್ತಾರೆ."

"ಅವ್ರು ಕೇಳಿದ್ರೆ ಎಂತ ಹೇಳ್ಲಿ? ನನಗೆ ಓದ್ಲಿಕ್ಕೆ ಬರೂದಿಲ್ಲ."

"ಕಹರಬಾ ಅಂತ ಹೇಳಿ. ಕರೆಂಟು. ಅಷ್ಟೇ." ನಡುವಿನ ಬಾಗಿಲ ಕಡೆ ಕಣ್ಣು ಹಾಯಿಸಿ ದನಿ ತಗ್ಗಿಸಿದ. "ಆ ಮೈಮೂನಾಗೆ ಮಾತ್ರ ತೋರಿಸ್ಬೇಡಿ. ಅವಳ ಗಂಡನಿಗೂ ಈ ಜಾಗದ ಮೇಲೆ ಕಣ್ಣುಂಟು."

ಮೈಮೂನಾ ಆಚೆ ಅಕ್ಕಿಯ ಪತ್ತಿರಿ ರೊಟ್ಟಿ ಬಡಿಯುತ್ತಿದ್ದಳು. ಸದ್ದು ಕೇಳುತ್ತಿತ್ತು. ನಾನು ಕಾಗದವನ್ನು ಸೆರಗಿನೊಳಗೆ ಇಟ್ಟುಕೊಂಡು ಹಿಂಬಾಗಿಲಿನಿಂದ ಹೋದೆ.

ಉಮ್ ಸಾಲಿಂ ಜಗಲಿಯಲ್ಲಿ ಕೂತು ಕಾಫಿ ಕೊಟ್ಟರು. ಕಾಗದವನ್ನು ತಿರುಗಿಸಿ ನೋಡಿದರು. ಅವರಿಗೂ ಓದು ಬಾರದು. ಏನಿದು ಎಂದು ಕೇಳಿದರು. ನಾನು "ಕಹರಬಾ" ಎಂದೆ. ಅವರು ಇನ್ನೊಂದು ಪ್ರಶ್ನೆ ಕೇಳಲಿಲ್ಲ. ಸುಂದರ ಕೊಟ್ಟಿದ್ದ ಶಾಯಿಯ ಪ್ಯಾಡಿನಲ್ಲಿ ಒತ್ತಿದ ಅವರ ಹೆಬ್ಬೆರಳನ್ನು ನಾನೇ ಹಿಡಿದು ಕಾಗದದ ಮೇಲೆ ಇಟ್ಟೆ. ಆಮೇಲೆ ನನ್ನ ಸೆರಗಿನ ತುದಿಯಿಂದಲೇ ಅದನ್ನು ಒರೆಸಿದೆ.

ಒಂದು ವಾರಕ್ಕೆ ಬೇಲಿ ಬಂತು. ಕಬ್ಬಿಣದ ಕಂಬ, ಜಾಲರಿ, ಒಂದು ಗೇಟು, ಗೇಟಿಗೆ ಬೀಗ. ಬಾವಿ ಬೇಲಿಯ ಒಳಗೆ. ಉಮ್ ಸಾಲಿಮರ ಮನೆ ಹೊರಗೆ. ಕೇಳಿದಾಗ ಸುಂದರ ಹೇಳಿದ, "ಇನ್ನು ಅವರ ತಮ್ಮನ ಮಗನ ಹತ್ರ ನಮ್ಮ ಲೆಕ್ಕ. ಅವ ಒಪ್ಪಿದ್ದಾನೆ. ಮುದುಕಿಯನ್ನು ಕೇಳುವ ಕೆಲಸ ಇಲ್ಲ."

ನಿಶಾಂತ್, ನಿನ್ನ ಹಾಳೆಯ ಎರಡನೆಯ ಚೌಕ ನಾನು ಹೀಗೆ ಕಂಡದ್ದು. ಸುಳ್ಳು ಹೇಳಬಾರದು, ಅದು ಸಂತೋಷದ ಕಾಲವೇ ಆಗಿತ್ತು. ಶುಕ್ರವಾರ ಮೀಟಿಂಗು. ನಮ್ಮದೇ ನಿಯಮ. ಜಾಗಕ್ಕೆ "ಹೊಸಬೆಟ್ಟು" ಎಂದು ಹೆಸರಿಟ್ಟು ಗೇಟಿಗೆ ಹಲಗೆ ತೂಗುಹಾಕಿದರು. ಗಂಡಸರು ದಿನವಿಡೀ ವೀಸಾ ಕೊಟ್ಟ ಕಫೀಲನ ಮುಂದೆ ಹೌದು ಹೌದು ಎಂದು ಬಂದವರು. ಆ ಗೇಟಿನ ಒಳಗೆ ಬಂದ ಕೂಡಲೇ ಅವರ ಬೆನ್ನು ನೆಟ್ಟಗಾಗುತ್ತಿತ್ತು. ಅದನ್ನು ನೋಡಿ ನನಗೂ ಹೆಮ್ಮೆ ಅನಿಸುತ್ತಿತ್ತು. ಬೇಲಿಯ ಆಚೆ ಉಮ್ ಸಾಲಿಂ ಮೇಕೆಗಳನ್ನು ಹೊಡೆದುಕೊಂಡು ಸುತ್ತುದಾರಿಯಲ್ಲಿ ಹೋಗುವಾಗ ನಾನು ಚಪ್ಪರದ ಹಿಂದೆ ಸರಿಯುತ್ತಿದ್ದೆ.

ಪಂಪು ಎಡೆಬಿಡದೆ ಓಡಿತು. ಒಂದು ಬೆಳಿಗ್ಗೆ ನಾನು ಗೊತ್ತಿಲ್ಲದೆಯೇ ಅಭ್ಯಾಸದಿಂದ ಬೊಗಸೆ ನೀರು ಬಾಯಿಗೆ ಹಾಕಿಕೊಂಡೆ. ಉಪ್ಪು. ಮಾರನೆಯ ದಿನ ಇನ್ನೂ ಉಪ್ಪು. ನಿಮ್ಮ ಅಜ್ಜನಿಗೆ ಹೇಳಿದೆ. ಅವರು ಪಂಪು ಬಿಚ್ಚಿ, ಒಳಗೆ ಬಿಳಿಯ ಪೊರೆ ಕಟ್ಟಿದ್ದನ್ನು ಉಗುರಿನಿಂದ ಕೆರೆದು ಸುಂದರನಿಗೆ ತೋರಿಸಿದರು.

"ನಿಲ್ಲಿಸು ಸುಂದರ. ಬಾವಿ ಹಾಳಾಗ್ತದೆ."

"ಅಣ್ಣಾ, ಬಸಳೆ ಚೆನ್ನಾಗಿಯೇ ಉಂಟಲ್ಲ?"

ಬಸಳೆ ತಡೆದುಕೊಂಡಿತು. ಲಿಂಬೆ ತಡೆಯಲಿಲ್ಲ. ಆ ಬಾವಿಯ ನೀರೇ ಪೈಪಿನಲ್ಲಿ ಲಿಂಬೆಗಿಡಗಳಿಗೂ ಹೋಗುತ್ತಿತ್ತು. ಎಲೆಯ ಅಂಚು ಸುಟ್ಟಂತಾಯಿತು, ಉದುರಿತು, ಕೊಂಬೆ ಬೋಳಾಯಿತು. ಮಾರ್ಚ್ ಮುಗಿಯುವ ಹೊತ್ತಿಗೆ ಹನ್ನೊಂದರಲ್ಲಿ ಒಂದೂ ಉಳಿದಿರಲಿಲ್ಲ. ಮೀಟಿಂಗಿನಲ್ಲಿ ಎದ್ದು ನಿಂತು ಹೇಳಬೇಕೆಂದು ನಾಲ್ಕು ಶುಕ್ರವಾರ ಸೀರೆ ಸರಿಮಾಡಿಕೊಂಡು ಹೋದೆ. ನಾಲ್ಕು ಸಲವೂ ಚಾಪೆಯ ಅಂಚಿನಲ್ಲಿ ಕೂತು ಚಹಾ ಹಂಚಿ ಬಂದೆ.

ಏಪ್ರಿಲಿನಲ್ಲಿ ಹಸಿರು ಬಲೆಯ ಸುರುಳಿಗಳನ್ನು ಹೊತ್ತ ಎರಡು ಲಾರಿ ಬಂದವು. ಆ ಶುಕ್ರವಾರ ಸುಂದರ ಹೊಸ ಅಂಗಿ ತೊಟ್ಟು ಎದ್ದು ನಿಂತ. ನಮ್ಮ ಜಾಗ ಇನ್ನು ಪಕ್ಕದ ದೊಡ್ಡ ತರಕಾರಿ ಫಾರ್ಮಿನ ಜೊತೆ ಸೇರುತ್ತದೆ, ಸಿಹಿನೀರು ಅವರೇ ಪೈಪಿನಲ್ಲಿ ತರುತ್ತಾರೆ, ದೊಡ್ಡದರ ಜೊತೆ ಸೇರಿದರೆ ನಮಗೇ ಒಳ್ಳೆಯದು ಎಂದ. ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಆಮೇಲೆ ತಿಳಿಯಿತು: ನಾನು ಹೆಬ್ಬೆಟ್ಟು ಒತ್ತಿಸಿದ ಕಾಗದದಲ್ಲಿ ಜಾಗ ತಮ್ಮನ ಮಗನ ಕೈಗೆ ಹೋಗಿತ್ತು, ಅವನು ಅದನ್ನು ಫಾರ್ಮಿಗೆ ಕೊಟ್ಟಿದ್ದ, ಸುಂದರ ಅಲ್ಲಿಯ ಸೂಪರ್‌ವೈಸರ್, ಇಬ್ಬರಿಗೆ ಅವನ ಕೈಕೆಳಗೆ ಕೆಲಸ. ಉಳಿದ ನಾವು ಭಾನುವಾರದೊಳಗೆ ನಮ್ಮ ಸಾಮಾನು ತೆಗೆದುಕೊಂಡು ಹೋಗಬೇಕು. ನನ್ನ ಬಸಳೆಯ ಚಪ್ಪರವನ್ನು ಎಳೆದದ್ದು ನಮ್ಮವರೇ, ನನ್ನ ಕೈಯಿಂದ ಚಹಾ ಕುಡಿದವರು.

ಗೇಟಿನ ಹತ್ತಿರ ನಾನು ಸುಂದರನನ್ನು ಕೇಳಿದೆ. ಬದುಕಿನಲ್ಲಿ ಒಬ್ಬ ಗಂಡಸನ್ನು ಎದುರು ನಿಂತು ಕೇಳಿದ್ದು ಅದೊಂದೇ ಸಲ.

"ಆ ಕಾಗದ ಕರೆಂಟಿನದ್ದಲ್ಲ ಅಂತ ನಿನಗೆ ಆವತ್ತೇ ಗೊತ್ತಿತ್ತಾ?"

ಅವನು ಒಂದಿಷ್ಟೂ ಮುಜುಗರಪಡಲಿಲ್ಲ. "ನಿಮಗೆ ಗೊತ್ತಿದ್ರೆ ನೀವು ಹೋಗ್ತಿದ್ರಾ ಅತ್ತಿಗೆ?" ಎಂದು ನಕ್ಕ. "ಅದಕ್ಕೇ ಹೇಳ್ಲಿಲ್ಲ."

ಅವನಿಗೆ ಬೇಕಾದದ್ದು ನಾನಲ್ಲ, ಆ ಮನೆಯ ಬಾಗಿಲು ನನಗೆ ತೆರೆಯುತ್ತಿತ್ತು, ಅಷ್ಟೇ. ಮದುವೆಯಾಗಿ ಬಂದಂದಿನಿಂದ ಅವನಿಗೆ ಅನ್ನ ಬಡಿಸಿದವಳು ನಾನು. ನಿಮ್ಮ ಅಜ್ಜ ಅವನ ಜೊತೆ ಮತ್ತೆ ಸಾಯುವವರೆಗೆ ಮಾತಾಡಲಿಲ್ಲ. ಪಂಪಿನ ಶೆಡ್ಡಿನಿಂದ ತಮ್ಮ ಹತಾರ ತರಲು ಹೋದಾಗ ಆ ಕಾಗದದ ಜೆರಾಕ್ಸ್ ಪ್ರತಿ ಅವರಿಗೆ ಸಿಕ್ಕಿತು. ನನ್ನ ಕೈಗೆ ಕೊಟ್ಟು, "ಇದನ್ನು ಕೊಂಡುಹೋದವಳು ನೀನು. ಅವರಿಗೆ ಹೇಳಬೇಕಾದವಳೂ ನೀನೇ" ಎಂದರು. ಬೈಯಲಿಲ್ಲ.

ಹೇಳುವುದು ಹೇಗೆ? ನನ್ನ ನಲ್ವತ್ತು ಶಬ್ದಗಳಲ್ಲಿ ಅದಕ್ಕೆ ಬೇಕಾದ ಒಂದೂ ಇರಲಿಲ್ಲ. ಕೊನೆಗೆ ಮೈಮೂನಾಳಿಗೆ ತೋರಿಸಿದೆ. ಅವಳು ಬೆರಳಿಟ್ಟು ನೋಡಿದಳು.

"ಅಕ್ಷರ ಓದ್ಲಿಕ್ಕೆ ಬರ್ತದೆ ಅಕ್ಕಾ. ಮದರಸದಲ್ಲಿ ಕಲ್ತದ್ದು. ಅರ್ಥ ಆಗೂದಿಲ್ಲ. ಆದ್ರೆ ನಾನು ಗಟ್ಟಿಯಾಗಿ ಓದಿದ್ರೆ ಕೇಳಿದವ್ರಿಗೆ ಆಗ್ತದಲ್ಲ?"

ಇಷ್ಟು ಸುಲಭವಿತ್ತು.

ಇಬ್ಬರೂ ಸುತ್ತುದಾರಿಯಲ್ಲಿ ಹೋದೆವು. ಉಮ್ ಸಾಲಿಂ ಅಂಗಳದಲ್ಲಿ ಮೇಕೆಗಳನ್ನು ಕಟ್ಟಿ ಮೇವು ಹಾಕುತ್ತಿದ್ದರು. ನನ್ನನ್ನು ಕಂಡು ಚಾಪೆ ತೋರಿಸಿದರು. ಮೈಮೂನಾ ಅಭ್ಯಾಸಬಲದಿಂದ ತಲೆಯ ಶಾಲು ಸರಿಮಾಡಿಕೊಂಡು, ಅಕ್ಷರ ಅಕ್ಷರವಾಗಿ, ತಡವರಿಸುತ್ತಾ ಓದಿದಳು. ಓದಿದವಳಿಗೆ ಅರ್ಥವಾಗಲಿಲ್ಲ, ಪಕ್ಕದಲ್ಲಿ ಕೂತ ನನಗೂ ಆಗಲಿಲ್ಲ. ನಾವಿಬ್ಬರೂ ಆ ಮುಖವನ್ನು ನೋಡುತ್ತಾ ಕೂತೆವು. ನಡುವೆ ಒಂದು ಹೆಸರು ಬಂತು, ತಮ್ಮನ ಮಗನದ್ದು. ಮೇಕೆಯ ಕತ್ತಿನ ಮೇಲಿದ್ದ ಅವರ ಕೈ ನಿಂತಿತು. ಮುಗಿದ ಮೇಲೆ ಇನ್ನೊಮ್ಮೆ ಓದು ಎಂದು ಸನ್ನೆ ಮಾಡಿದರು. ಮೈಮೂನಾ ಇನ್ನೊಮ್ಮೆ ಓದಿದಳು.

ಆಮೇಲೆ ಉಮ್ ಸಾಲಿಂ ಕೇಳಿದ್ದು ಕಾಗದದ ವಿಷಯವಲ್ಲ. ಮೈಮೂನಾಳ ಕಡೆ ಬೆರಳು ತೋರಿಸಿ, ಇವಳ ಮನೆ ಎಲ್ಲಿ ಎಂದು ಕೇಳಿದರು. ನಮ್ಮ ಪಕ್ಕದ್ದೇ ಎಂದೆ. ತಮ್ಮ ಹೆಬ್ಬೆರಳು ಎತ್ತಿ ತೋರಿಸಿ, ಆ ದಿನವೂ ಅಲ್ಲೇ ಇದ್ದಳಾ ಎಂದರು. ಅಷ್ಟು ಅರಬ್ಬೀ ನನಗೆ ಬರುತ್ತಿತ್ತು. ಹೌದು ಎಂದು ತಲೆ ತಗ್ಗಿಸಿದೆ. ಅವರು ಎದ್ದು ಒಳಗೆ ಹೋದರು. ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ. ಆ ಮನೆಯಲ್ಲಿ ಕಾಫಿ ಕುಡಿಯದೆ ನಾನು ಎದ್ದುಬಂದದ್ದು ಅದೇ ಮೊದಲು.

ಮನೆ ಹತ್ತಿರ ಬಂದಾಗ ಮೈಮೂನಾ ಕೇಳಿದಳು.

"ಆವತ್ತೇ ಯಾಕೆ ನನಗೆ ತೋರಿಸ್ಲಿಲ್ಲ ಅಕ್ಕಾ?"

"ಸುಂದರ ಬೇಡ ಅಂದ. ನಿನ್ನ ಗಂಡನಿಗೂ ಆ ಜಾಗದ ಮೇಲೆ ಕಣ್ಣುಂಟು ಅಂತ ಹೇಳಿದ."

"ಅವ ಹೇಳಿದ. ಸರಿ." ಅವಳು ನಿಂತಳು. "ನೀವು ನಂಬಿದಿರಾ?"

ನಾನು ಇಲ್ಲ ಎಂದಿದ್ದರೆ ಸುಳ್ಳಾಗುತ್ತಿತ್ತು. ಕೈಯಲ್ಲಿದ್ದ ಕಾಗದವನ್ನು ಮಡಿಚಿ ಮತ್ತೆ ಸೆರಗಿನೊಳಗೆ ಇಟ್ಟುಕೊಂಡೆ. ಅವಳು ತನ್ನ ಮನೆಯ ಮುಂಬಾಗಿಲಿನಿಂದ ಒಳಗೆ ಹೋದಳು. ನಾನು ನನ್ನ ಅಡುಗೆಕೋಣೆಗೆ ಬಂದು ನೀರು ಕುಡಿಯುತ್ತಿದ್ದಾಗ, ನಡುವಿನ ಬಾಗಿಲಿಗೆ ಆ ಕಡೆಯಿಂದ ಚಿಲಕ ಬಿತ್ತು. ಆ ಬಾಗಿಲಿಗೆ ಆ ಕಡೆ ಚಿಲಕವಿದೆ ಎಂದು ನನಗೆ ಗೊತ್ತೇ ಇರಲಿಲ್ಲ.